ಮೂರಡಿ ಎತ್ತರದ ರಸ್ತೆ

ಮಾರ್ಚ್ 3, ಸೋಮವಾರ

ಮತ್ತೆ ಮೀಟಿಂಗ್. ಕಾಫಿ ತಣ್ಣಗೆ. ಪ್ರೊಜೆಕ್ಟರ್ ಎಂದಿನಂತೆ ಕೈಕೊಟ್ಟಿತು. ಮೂರು ಊರು ಸೇರಿ ಮಕ್ಕಳಿಗೂ ಮನೆಮಂದಿಗೂ ಒಳ್ಳೆಯದು ಮಾಡುವ ಯೋಜನೆ — ರೆಸಿಫೆ, ಮಾಂಟೆವಿಡಿಯೊ, ನಾವು. ನಮ್ಮ ನಗರಸಭೆಯ ಪಾಲಿಗೆ ಶಿಶುವಿಹಾರದ ಮುಂದಿನ ರಸ್ತೆ. ಬಣ್ಣ ಬಳಿದು, ಗಾಡಿಗಳು ನಿಧಾನವಾಗುವಂತೆ ಮಾಡಬೇಕು. ನನ್ನ ಸಹಾಯಕ ವಿಲ್ಮರ್ ನಕ್ಷೆ ಬಿಡಿಸಿದ. ಲಾ ಸೇಬಾ ಕ್ರಾಸಿಂಗ್. ಬಿಡಿಸಿದವನೇ ನನ್ನ ಮುಖ ನೋಡಿ ತಲೆ ತಗ್ಗಿಸಿದ.

ಅಲ್ಲಿ ಟಾರಿನ ಮೇಲೆ ಕಪ್ಪು ನಕ್ಷತ್ರವಿದೆ. ರಸ್ತೆ ದಾಟುವಾಗ ಸತ್ತವರಿಗೆ ನಮ್ಮೂರಲ್ಲಿ ಬರೆಯುವಂಥದ್ದು. ನನ್ನ ಪುಟ್ಟ ಮಗಳು ನಯೀಬೆಯದು.

ಮಾರ್ಚ್ 6

"ನಕ್ಷತ್ರದ ಮೇಲೆ ಬಣ್ಣ ಬಳಿಯೋದಾ ಬೇಡ್ವಾ ಮೇಡಂ?" ವಿಲ್ಮರ್ ಕೇಳಿದ. ಬಳಿಯಿರಿ ಅಂದೆ.

"ನಿಮ್ಮಮ್ಮ ಪ್ರತಿ ಭಾನುವಾರ ಬಂದು ಅದನ್ನ ತೊಳೀತಾರೆ. ಅವರನ್ನೊಂದು ಮಾತು..."

"ತೊಳೀಲಿ. ತೊಳೀಬೇಕಾದವರೇ."

ನಾಲಿಗೆ ಸುಡಲಿಲ್ಲ. ಅಮ್ಮನ ಕೈಯಿಂದಲೇ ತಾನೇ ಮಗು ತಪ್ಪಿಸಿಕೊಂಡದ್ದು. ಅರೇಪಾ ರೊಟ್ಟಿ ಮಾರುವವಳ ಜೊತೆ ಹರಟುತ್ತಿದ್ದಳಂತೆ. "ಕೈ ಜಾರ್ತು" — ಪೊಲೀಸರಿಗೂ ನನಗೂ ಅದೇ ಮಾತು. ಎರಡು ವರ್ಷವಾಯಿತು, ಅಮ್ಮನ ಹೊಸ್ತಿಲು ತುಳಿದಿಲ್ಲ.

ಲಿಫ್ಟಿನಲ್ಲಿ ಒಬ್ಬಳೇ ಇದ್ದೆ. ಯಾರೋ ಸ್ಕರ್ಟ್ ಹಿಡಿದು ಎಳೆದಂತಾಯಿತು. ಕೆಳಗೆ ನೋಡಲಿಲ್ಲ. ನೋಡಿದರೆ ಹೋಗಿಬಿಡುತ್ತಾಳೆ.

ಮಾರ್ಚ್ 19, ಮಧ್ಯಾಹ್ನ

ಅತಿಥಿಗಳು ಬಂದರು. ರೆಸಿಫೆಯವರ ಹಟ: ರಸ್ತೆ ಮುಟ್ಟುವ ಮುಂಚೆ ಮೂರು ವರ್ಷದ ಮಗುವಿನ ಎತ್ತರಕ್ಕೆ ಇಳಿದು ನೋಡಬೇಕು. ಟೈ ಕಟ್ಟಿದ ಅಧಿಕಾರಿಗಳೆಲ್ಲ ಫುಟ್‌ಪಾತಿನಲ್ಲಿ ಮಂಡಿಯೂರಿದರು. "ಏನ್ರಪ್ಪಾ, ಯಾವ ಸಂತನಿಗೆ ಹರಕೆ?" ಅಂತ ಅರೇಪಾದವಳು ನಕ್ಕಳು.

ರೆಸಿಫೆಯ ಇಂಜಿನಿಯರ್ ಇರಾಸೆಮಾ ನನ್ನನ್ನೂ ಕೈಹಿಡಿದು ಕೂರಿಸಿದಳು. ರಸ್ತೆಯ ನಡುವೆ ಜಾಹೀರಾತಿನ ಫಲಕ. ನಿಂತರೆ ಆಚೆ ಬದಿ ಕಾಣುವುದೇ ಇಲ್ಲ, ಬರೀ ಸೋಪಿನ ಹೆಂಗಸು. ಕೂತರೆ ಫಲಕದ ಕೆಳಗೆ ಖಾಲಿ. ಎದುರಿನ ಫುಟ್‌ಪಾತ್ ಮೇಲೆ ನಿಂತವರು ಮಂಡಿಯವರೆಗೆ ಕಾಣುತ್ತಾರೆ.

"ನಮ್ಮೂರ ಮಕ್ಕಳು ಚಪ್ಪಲಿ ನೋಡೇ ಅಮ್ಮನ್ನ ಗುರುತು ಹಿಡೀತಾವೆ," ಅಂದಳು ಇರಾಸೆಮಾ. "ಆಮೇಲೆ ಯಾರ ಕೈಲೂ ನಿಲ್ಲಲ್ಲ."

ಎಲ್ಲರೂ ಎದ್ದರು, ನಾನು ಎದುರಿನ ಚಪ್ಪಲಿಗಳನ್ನೇ ನೋಡುತ್ತಿದ್ದೆ. ವಿಲ್ಮರ್ ಎಬ್ಬಿಸಿದ.

ಸಂಜೆ

ನಯೀಬೆ ಹೋದ ದಿನ ಆಚೆ ಬದಿಯಲ್ಲಿ ನಿಂತಿದ್ದವಳು ನಾನು. ಕೆಲಸ ಬೇಗ ಮುಗಿದಿತ್ತು. ಹೇಳದೆ ಕೇಳದೆ ಬಂದಿದ್ದೆ. ಕಾಲಲ್ಲಿ ನನ್ನ ಹಳದಿ ಚಪ್ಪಲಿ... ಅವಳು ಅದನ್ನೇ ಮೆಟ್ಟಿಕೊಂಡು ಮನೆತುಂಬ ಟಪಟಪ ಓಡಾಡುತ್ತಿದ್ದಳು. ಫಲಕ ಅಡ್ಡವಿದ್ದು ನನಗೆ ಅವರಿಬ್ಬರೂ ಕಾಣಲಿಲ್ಲ. ಬ್ರೇಕಿನ ಸದ್ದು ಮಾತ್ರ ಕೇಳಿತು. ಅಮ್ಮನಿಗೂ ನಾನು ಕಂಡಿರಲಾರೆ. ಆದರೆ ನಯೀಬೆ ಸುಮ್ಮನೆ ಓಡುವವಳಲ್ಲ, ಕೂಗಿಕೊಂಡೇ ಓಡುವವಳು. ಅಮ್ಮನ ಕಿವಿಗೆ ಬಿದ್ದಿರಲೇಬೇಕು.

ಹಾಗಾದರೆ ಇಷ್ಟು ದಿನ ನಾನು ಅಂದದ್ದನ್ನೆಲ್ಲ ಯಾಕೆ ಅನ್ನಿಸಿಕೊಂಡಳು?

ಮಾರ್ಚ್ 23, ಭಾನುವಾರ

ಹೋದೆ. ಅಮ್ಮ ಬಗ್ಗಿ ನಕ್ಷತ್ರ ಉಜ್ಜುತ್ತಿದ್ದಳು. ಎಷ್ಟು ಸಣ್ಣಗಾಗಿದ್ದಾಳೆ.

"ಬಂದ್ಯಾ," ಅಂದಳು, ನಿನ್ನೆ ತಾನೇ ಕಂಡವಳ ಹಾಗೆ.

"ಅಮ್ಮಾ, ಕೈ ಬಿಡಿಸ್ಕೊಂಡಾಗ ಏನಂದ್ಲು?"

ಬ್ರಷ್ ನಿಂತಿತು. "ಕೈ ಜಾರ್ತು ಅಂತ ಹೇಳಿದೀನಲ್ಲ."

"ಅವಳಿಗೆ ನನ್ನ ಕಾಲು ಕಾಣ್ತಿತ್ತು. ಮೊನ್ನೆ ಕೂತು ನೋಡ್ದೆ."

"ಯಾವಳು ನಿನ್ನ ಅಲ್ಲಿ ಕೂರ್ಸಿದ್ದು?" ಅಮ್ಮನಿಗೆ ಸಿಟ್ಟು ಬಂತು, ಅಳುವೂ ಬಂತು. "ಜಾರಿದ್ದು ನನ್ ಕೈ ಕಣೇ. ಅದನ್ನ ನನಗೇ ಬಿಡು. ನೀನು ಬದುಕ್ಬೇಕು."

ಪಕ್ಕದಲ್ಲಿ ಕೂತೆ. ಬಸ್ಸಿನವನು ಹಾರ್ನ್ ಹೊಡೆದ. ಇಬ್ಬರೂ ಏಳಲಿಲ್ಲ.

ಮಾರ್ಚ್ 27

ಫಲಕ ಕಿತ್ತರು. ನಕ್ಷತ್ರ ಹಾಗೇ ಇರಲಿ, ಸುತ್ತ ಬಣ್ಣ ಬಳಿಯಿರಿ ಅಂದೆ. ಅಮ್ಮ ಸೋಮವಾರದಿಂದ ನನ್ನ ಮನೆಯಲ್ಲೇ ಇದ್ದಾಳೆ. ಬೆಳಿಗ್ಗೆ ತಾನಾಗಿಯೇ ಎದುರು ಬಂದು ಕೂತಳು. "ಒಂದ್ಸಲ ಹೇಳ್ತೀನಿ. ಮತ್ತೆ ಕೇಳ್ಬಾರ್ದು." ನಯೀಬೆ ನಗುತ್ತಲೇ ಓಡಿದಳಂತೆ. ಎರಡೂ ಕೈ ಚಾಚಿಕೊಂಡು. ಕೂಗಿದ್ದು ಒಂದೇ ಮಾತಂತೆ — ನಾನು ಅಮ್ಮನನ್ನು ಕರೆಯುವ ಅದೇ ಮಾತು.