ಚಹಾಕ್ಕಿಂತ ಮೊದಲು ಹೇಳಬೇಕಾದ ನೋವು

ಹೊಸ ಬೀಳಗಿ, ಘಟಪ್ರಭೆಯ ದಂಡೆ
ಇಸವಿ ಎರಡು ಸಾವಿರದ ಇನ್ನೂರ ಮೂವತ್ತೊಂಬತ್ತು, ಬಿರುಬೇಸಿಗೆ ತಿಂಗಳ ನಲವತ್ತನೇ ದಿನ

ನನಗಿಂತ ಬಹಳ ಹಿಂದೆ ನೋವಿನ ಗುಳಿಗೆ ನುಂಗುತ್ತಿರುವ ಹಿರಿಯರೆಲ್ಲರಿಗೆ ಚಂಪಾವತಿ ಬೂದಿಹಾಳಳ ನಮಸ್ಕಾರ.

ನಲವತ್ತನೇ ದಿನ ಎಂದದ್ದಕ್ಕೆ ಗಾಬರಿಯಾಗಬೇಡಿ. ನಮ್ಮಲ್ಲಿ ಬೇಸಿಗೆ ಬೇಗ ಮುಗಿಯುವುದಿಲ್ಲ, ಹಾಗಾಗಿ ಅದರ ತಿಂಗಳನ್ನೂ ಎಳೆದು ಉದ್ದ ಮಾಡಿದ್ದಾರೆ. ನಿಮಗೆ ತಿಳಿಯದ ಶಬ್ದಗಳು ಈ ಪತ್ರದಲ್ಲಿ ಇನ್ನೂ ಬಂದಾವು. ಬಂದಲ್ಲಿ ಬಿಡಿಸಿ ಹೇಳುತ್ತೇನೆ, ತಪ್ಪಿದ್ದರೆ ಹೊಟ್ಟೆಗೆ ಹಾಕಿಕೊಳ್ಳಿ. ಪತ್ರದ ತಲೆಯಲ್ಲಿ ನಾವೆಲ್ಲ ಕ್ಷೇಮ, ನಿಮ್ಮ ಕ್ಷೇಮಕ್ಕೆ ಬರೆಯಿರಿ ಎಂದು ಹಾಕುವುದು ನಿಮ್ಮ ಕಾಲದ ರೂಢಿಯೆಂದು ಕೇಳಿದ್ದೇನೆ. ನಾನು ಹಾಕುವುದಿಲ್ಲ. ನಾನು ಕ್ಷೇಮವಾಗಿಲ್ಲ. ಇವತ್ತು ಮಧ್ಯಾಹ್ನ ಡಾಕ್ಟರು ನಮ್ಮ ಮನೆಗೆ ಬರುತ್ತಾರೆ. ಅವರು ಹೊಸ್ತಿಲು ದಾಟಿದಾಗ ನನ್ನ ಬಾಯಿಂದ ಮೊದಲು ಯಾವ ಮಾತು ಬೀಳುತ್ತದೋ ಅದರ ಮೇಲೆ ನನ್ನ ಔಷಧ ಉಳಿಯುವುದು, ಹೋಗುವುದು ನಿಂತಿದೆ. ಅಲ್ಲಿಯವರೆಗೆ ಸುಮ್ಮನೆ ಕೂತರೆ ಹುಚ್ಚು ಹಿಡಿಯುತ್ತದೆ. ಅದಕ್ಕೇ ಬರೆಯುತ್ತಿದ್ದೇನೆ.

ನಾನು ಬಿಸಿಲುಹಾಳೆ ಒರೆಸುವವಳು. ಬಿಸಿಲುಹಾಳೆ ಎಂದರೆ ನಮ್ಮ ಊರಿನ ಮಾಳಿಗೆಗಳ ಮೇಲೆಲ್ಲ ಹಾಸಿರುವ, ಬಿಸಿಲು ಕುಡಿದು ಕರೆಂಟು ಕೊಡುವ ತೆಳ್ಳನೆಯ ಹೊದಿಕೆ. ಧೂಳು ಕೂತರೆ ಅದು ಕೆಲಸ ಮಾಡುವುದಿಲ್ಲ, ಒದ್ದೆ ಮಾಡಿದರೆ ಅದರಷ್ಟು ಜಾರುವ ವಸ್ತು ಮತ್ತೊಂದಿಲ್ಲ. ಒಂದು ದಿನ ಜಾರಿ ಮಾಳಿಗೆಯಿಂದ ಅಂಗಳಕ್ಕೆ ಬಿದ್ದೆ. ಮೂಳೆ ಕೂಡಿಕೊಂಡಿತು, ನೋವು ಮಾತ್ರ ಮನೆ ಮಾಡಿಕೊಂಡು ಕೂತಿತು. ಸೊಂಟದಿಂದ ಎಡಗಾಲಿನ ಹೆಬ್ಬೆರಳಿನವರೆಗೆ ಕಾದ ತಂತಿ ಎಳೆದ ಹಾಗೆ ಉರಿಯುತ್ತದೆ. ಹೊರಗಿನಿಂದ ನೋಡಿದರೆ ಏನೂ ಇಲ್ಲ. ಗಾಯವಿಲ್ಲ, ಬಾವು ಇಲ್ಲ, ಕಟ್ಟಿಲ್ಲ. ನೋಡಿದವರು ಗಟ್ಟಿಮುಟ್ಟಾಗಿ ಇದ್ದೀಯಲ್ಲ ಎನ್ನುತ್ತಾರೆ. ನಿಮಗೂ ಹಾಗೇ ಅಂದಿರುತ್ತಾರೆ ಎಂದು ಬಲ್ಲೆ.

ನಮಗೆ ಗುಳಿಗೆಯಿಲ್ಲ, ತಣಿಪು ಇದೆ. ಅದು ಸೊಂಟಕ್ಕೆ ಅಂಟಿಸುವ ಪಟ್ಟಿ. ಔಷಧ ಅದರಿಂದ ತೊಟ್ಟು ತೊಟ್ಟಾಗಿ ಮೈಗೆ ಇಳಿಯುತ್ತದೆ. ಅದೇನು ಅಮೃತವಲ್ಲ. ಹೊಟ್ಟೆ ಕಟ್ಟುತ್ತದೆ, ಬಾಯಿ ಒಣಗುತ್ತದೆ, ಮಾತಾಡುತ್ತಲೇ ತೂಕಡಿಕೆ ಬರುತ್ತದೆ. ಆದರೂ ಅದಿದ್ದರೆ ನಾನು ರೊಟ್ಟಿ ಬಡಿಯುತ್ತೇನೆ, ಮಗಳ ಜಡೆ ಹಾಕುತ್ತೇನೆ, ಯಾರಾದರೂ ನಗೆಯಾಡಿದರೆ ನಗುತ್ತೇನೆ. ಎಷ್ಟು ತೊಟ್ಟು ಇಳಿಯಬೇಕೆಂದು ನಿರ್ಧರಿಸುವುದು ಕೇಳುಗ. ಅದು ಗೋಡೆಯ ಮೇಲಿರುವ ಒಂದು ಬಿಲ್ಲೆ. ಒಳ್ಳೇ ದನಿಯಲ್ಲಿ ಹೇಗಿದ್ದೀರಿ ಎಂದು ದಿನವೂ ಕೇಳುತ್ತದೆ. ಚೆನ್ನಾಗಿದ್ದೇನೆ ಎಂದರೆ ಹಸಿರಾಗುತ್ತದೆ, ತಣಿಪು ಸ್ವಲ್ಪ ಕಡಿಮೆಯಾಗುತ್ತದೆ. ಹಿಂದೆ ಈ ಜಾತಿಯ ಔಷಧವನ್ನು ಕೇಳಿದವರಿಗೆಲ್ಲ ಸುರಿದು ಮನೆಮನೆಗಳನ್ನೇ ಹಾಳು ಮಾಡಿದ್ದರಂತೆ. ಆ ಭಯದಲ್ಲಿ ಕೇಳುಗಕ್ಕೆ ಒಂದು ನಿಯಮ ಹಾಕಿದ್ದಾರೆ: ಮನುಷ್ಯ ಮೊದಲು ಆಡಿದ್ದು ನಿಜ, ಆಮೇಲೆ ಆಡಿದ್ದೆಲ್ಲ ಔಷಧದ ಆಸೆಗೆ ಆಡಿದ್ದು. ಅದರಲ್ಲೂ ಡಾಕ್ಟರು ಮನೆಗೆ ಬಂದು ಕೇಳಿದಾಗ ಕೊಟ್ಟ ಮೊದಲ ಉತ್ತರಕ್ಕೆ ತೂಕ ಹೆಚ್ಚು.

ಈಗ ನಿಮ್ಮ ವಿಷಯಕ್ಕೆ ಬರುತ್ತೇನೆ. ಕೇಳುಗಕ್ಕೆ ನಮ್ಮ ಸೀಮೆಯ ಜನರ ನೋವು ಅಳೆಯುವುದನ್ನು ಕಲಿಸಿದ್ದು ನೀವೇ. ನಿಮ್ಮ ಕಾಲದ ದವಾಖಾನೆಗಳಲ್ಲಿ ನೀವು ಡಾಕ್ಟರಿಗೆ ಕೊಟ್ಟ ಉತ್ತರಗಳನ್ನೆಲ್ಲ ಅದಕ್ಕೆ ಉಣಿಸಿ ಬೆಳೆಸಿದ್ದಾರೆ. ನೀವು ಏನು ಹೇಳಿದ್ದಿರಿ? ಈಗ ಅಡ್ಡಿಯಿಲ್ಲರೀ. ಕಡಿಮಿ ಐತ್ರೀ. ನಿಮ್ಮ ಗುಳಿಗಿ ಭಾಳ ಛಲೋ ಆತ್ರೀ. ಪಾಪ, ಡಾಕ್ಟರು ಅಷ್ಟು ಓದಿದವರು, ಅವರ ಔಷಧ ನಾಟಲಿಲ್ಲ ಎಂದರೆ ನೊಂದುಕೊಂಡಾರು ಎಂದು ನೀವು ಅವರನ್ನೇ ಸಂತೈಸಿ ಹೊರಗೆ ಬಂದಿರಿ. ಮೆಟ್ಟಿಲಿಳಿಯುವಾಗ ಕಟಕಟ ಹಲ್ಲು ಕಡಿದದ್ದು ಯಾರಿಗೂ ಕೇಳಿಸಲಿಲ್ಲ. ಕೇಳುಗ ಅದರಿಂದ ಕಲಿತ ಪಾಠ ಇಷ್ಟೇ: ಈ ಕಡೆಯ ಜನಕ್ಕೆ ನೋವು ಕಡಿಮೆ, ಇವರಿಗೆ ಔಷಧವೂ ಕಡಿಮೆ ಸಾಕು. ನಿಮ್ಮ ಮೇಲೆ ನನಗೆ ಸಿಟ್ಟಿದೆ. ಮುಚ್ಚಿಡುವುದಿಲ್ಲ.

ಆದರೆ ನಾನೇನು ನಿಮಗಿಂತ ಬೇರೆ ಮಣ್ಣಿನವಳೇ? ಹೋದ ಸಲ ಡಾಕ್ಟರು ಬಂದಾಗ ನಾನು ಬಾಗಿಲ ಚೌಕಟ್ಟು ಹಿಡಿದು ಬೆವರುತ್ತ ನಿಂತಿದ್ದೆ. ಅವರ ಹೆಸರು ಅಂಬುಜಾ ಕಟಗಿ, ನಮ್ಮ ಸೀಮೆಯವರೇ. ಚಪ್ಪಲಿ ಬಿಡುತ್ತ ಅವರು ರೂಢಿಯಂತೆ “ಹೆಂಗದೀರಿ, ಎಲ್ಲಾರೂ ಆರಾಮ?” ಎಂದರು. ನಾನು ರೂಢಿಯಂತೆ “ಆರಾಮ್ರೀ, ಬರ್ರಿ, ಒಳಗ ಬರ್ರಿ” ಎಂದೆ. ಗೋಡೆಯ ಮೇಲೆ ಕೇಳುಗ ಹಸಿರಾಯಿತು. ಮನೆಗೆ ಬಂದವರು ನೀರು ಕುಡಿದು, ಚಹಾ ಕುಡಿದು ಸುಧಾರಿಸಿಕೊಳ್ಳುವ ಮುಂಚೆ ಅವರ ಮುಂದೆ ನೋವು ಹರಡಬಾರದೆಂಬುದು ನಮ್ಮ ಕಡೆಯ ರೀತಿ. ಚಹಾ ಆದ ಮೇಲೆ ಎಲ್ಲ ಹೇಳಿದೆ, ಕಾಲು ತೋರಿಸಿದೆ. ಡಾಕ್ಟರು ನಂಬಿದರು, ಕೇಳುಗ ನಂಬಲಿಲ್ಲ. ತಣಿಪು ಅರ್ಧಕ್ಕೆ ಇಳಿಯಿತು.

ಅರ್ಧಕ್ಕೆ ಇಳಿದರೆ ಏನಾಗುತ್ತದೆಂದು ನಿಮ್ಮಲ್ಲಿ ಕೆಲವರಿಗೆ ಗೊತ್ತಿದ್ದೀತು. ಮೂಗು ಸೋರುತ್ತದೆ, ಆಕಳಿಕೆ ನಿಲ್ಲುವುದಿಲ್ಲ, ಈ ಬಿಸಿಲಿನಲ್ಲೂ ಮೈ ಮುಳ್ಳೇಳುತ್ತದೆ. ಮಲಗಿದರೆ ಕಾಲು ತಾನಾಗಿ ಒದೆಯುತ್ತದೆ. ಅದರ ಅಡಿಯಿಂದ ಹಳೆಯ ನೋವು ಎದ್ದು ಬರುತ್ತದೆ. ಜಡೆ ಹಾಕಲು ಕೂತಾಗ ಮಗಳ ಕೂದಲು ಜಗ್ಗಿದೆ. ಅವಳು ಅಳಲಿಲ್ಲ, ಎದ್ದು ಹೋಗಿ ಒಂದು ಕಡೆ ಕೂತಳು. ಅವತ್ತಿನಿಂದ ತಾನೇ ಬಾಚಿಕೊಳ್ಳುತ್ತಾಳೆ. ಇವತ್ತು ನಾನು ಮತ್ತೆ ಎಡವಿದರೆ ಉಳಿದರ್ಧವೂ ಹೋಗುತ್ತದೆ.

ನನ್ನ ಅತ್ತೆ ಶಿವಗಂಗವ್ವ ಅಡುಗೆಮನೆಯಲ್ಲಿ ಚಹಾಕ್ಕೆ ನೀರಿಟ್ಟಿದ್ದಾರೆ. ಚಹಾಪುಡಿ ಈಗ ಹಬ್ಬಕ್ಕಷ್ಟೇ ಸಿಗುವ ವಸ್ತು, ಡಾಕ್ಟರಿಗೆಂದು ಎತ್ತಿಟ್ಟಿದ್ದರು. ಬೆಳಗಿನಿಂದ ಒಂದೇ ಮಾತು: “ಬಂದಾವರ ಮುಂದ ಮಾರಿ ಸಣ್ಣ ಮಾಡಬ್ಯಾಡ. ಮೊದಲ ನೀರು ಕೊಡು, ಆಮ್ಯಾಲ ನಿನ್ನ ಪುರಾಣ.” ಆ ಪುರಾಣಕ್ಕೆ ಮುಂಚೆ ಆಡಿದ ಮಾತೇ ಹೋದ ಸಲ ನನ್ನನ್ನು ಮುಳುಗಿಸಿತೆಂದು ಎಷ್ಟು ಹೇಳಿದರೂ ತಲೆಗೆ ಹೋಗುವುದಿಲ್ಲ. ನಾನು ಗೋಡೆಗೆ ಮುಖ ಮಾಡಿ, ಬಾಯಿ ತೆರೆಯದೆ, ಆರಾಮ ಇಲ್ಲ, ಆರಾಮ ಇಲ್ಲ ಎಂದು ಅಭ್ಯಾಸ ಮಾಡುತ್ತಿದ್ದೇನೆ. ಹುಟ್ಟಿದಾರಭ್ಯ ಆಡದ ಮಾತು, ಒಂದೇ ಮಧ್ಯಾಹ್ನದಲ್ಲಿ ನಾಲಿಗೆಗೆ ಹತ್ತಬೇಕು. ಹೊರಗೆ ಗಾಡಿ ನಿಂತ ಸಪ್ಪಳ. ನಿಲ್ಲಿಸುತ್ತೇನೆ.

ಡಾಕ್ಟರು ಬಂದು ಹೋದರು. ಆದದ್ದನ್ನು ಆದ ಹಾಗೇ ಬರೆಯುತ್ತೇನೆ.

ಅವರು ಚಪ್ಪಲಿ ಬಿಟ್ಟರು, ತಲೆಯೆತ್ತಿದರು, ಪಾಪ, ಅವರ ಬಾಯಿಂದಲೂ ಅದೇ ಬಂತು: “ಏನ್ರೀ, ಎಲ್ಲಾರೂ ಆರಾಮ?” ನನ್ನ ಬಾಯಿ ತಾನಾಗಿ ತೆರೆಯಿತು. ಅಭ್ಯಾಸ ಮಾಡಿದ್ದೆಲ್ಲ ಎಲ್ಲಿ ಹೋಯಿತೋ, ಹಳೆಯ ಶಬ್ದವೇ ತುಟಿಗೆ ಬಂದು ನಿಂತಿತು. ಆಗ ನೀರಿನ ತಂಬಿಗೆ ಹಿಡಿದು ಬಂದ ಅತ್ತೆ ಅದನ್ನು ಕೊಡದೆ ನೆಲಕ್ಕಿಟ್ಟರು.

“ಇಲ್ರೀ ಡಾಕ್ಟರ ಬಾಯಾರ, ಈ ಮನ್ಯಾಗ ಯಾರೂ ಆರಾಮ ಇಲ್ಲ. ನನ್ನ ಸೊಸಿ ಗ್ವಾಡಿ ಹಿಡಕೊಂಡು ಅಡ್ಡಾಡ್ತಾಳ. ನನ್ನ ಮೊಣಕಾಲು ಕೆಟ್ಟು ಎಷ್ಟು ಕಾಲ ಆತೋ ದೇವರಿಗೇ ಗೊತ್ತು, ನನ್ನ ಮಗಗೂ ಹೇಳಿಲ್ಲ. ಇದನ್ನ ಮೊದಲ ಕೇಳ್ರಿ. ಆಮ್ಯಾಲ ನೀರು ಕುಡೀರಿ.”

ಮನೆಗೆ ಬಂದವರಿಗೆ ಕೊಡುವ ನೀರನ್ನು ಅತ್ತೆ ತಡೆದು ನಿಲ್ಲಿಸಿದ್ದನ್ನು ನಾನು ಎಂದೂ ಕಂಡಿರಲಿಲ್ಲ. ಡಾಕ್ಟರು ನನ್ನ ಕಡೆ ತಿರುಗಿ, ನೀವು ಹೇಳಿ ಎಂದರು. “ಭಾಳ ನೋಯ್ತೈತ್ರೀ” ಎಂದೆ. ಅಷ್ಟೇ ಬಂತು, ಆಮೇಲೆ ಅಳು ಬಂತು. ಕೇಳುಗ ಹಸಿರಾಗಲಿಲ್ಲ. ನನ್ನ ತಣಿಪು ಮೊದಲಿನಷ್ಟಾಗಿದೆ. ಈಗ ಬರೆಯುವಾಗ ಕಾಲು ಸುಮ್ಮನಿದೆ. ಹೋಗುವ ಮುಂಚೆ ಡಾಕ್ಟರು ಅತ್ತೆಯ ಮೊಣಕಾಲು ಒತ್ತಿ ನೋಡಿದರು. ಕೇಳುಗದಲ್ಲಿ ಅತ್ತೆಯ ಹೆಸರೇ ಇರಲಿಲ್ಲ, ಸೇರಿಸಿದರು. ಅವರಿಗೂ ತಣಿಪು ಬರುತ್ತದೆ, ಕೇಳುಗ ಸಂಜೆ ಒಂದು ಸಲ ಕೇಳುತ್ತದೆ, ನಿಜ ಹೇಳಬೇಕು ಅಷ್ಟೇ ಎಂದರು. ಅತ್ತೆ ಆಗಲಿ ಎಂದು ತಲೆಯಾಡಿಸಿದರು.

ಸಂಜೆ ನಾನು ಮಾಳಿಗೆಯಲ್ಲಿ ಒಣಗಿದ ಬಟ್ಟೆ ತೆಗೆಯುತ್ತಿದ್ದೆ. ಕೆಳಗೆ ಕೇಳುಗ ತನ್ನ ಒಳ್ಳೇ ದನಿಯಲ್ಲಿ, ತಾಯಿ, ಹೇಗಿದ್ದೀರಿ ಎಂದು ಕೇಳಿತು. ನಾನು ಕಾಲು ಎಳೆಯುತ್ತ ಮೆಟ್ಟಿಲಿಗೆ ಬರುವಷ್ಟರಲ್ಲಿ ಅಡುಗೆಮನೆಯಿಂದ ಅತ್ತೆಯ ಉತ್ತರ ಬಂದೇ ಬಿಟ್ಟಿತು.

“ಆರಾಮ ಅದೀನಪಾ. ನಿಂದು ಊಟ ಆತು?”

ಗೋಡೆ ಹಸಿರಾಯಿತು. ಅವರು ಹಿಟ್ಟಿನ ಕೈಯಲ್ಲಿ ಹೊರಗೆ ಬಂದು ನನ್ನ ಮುಖ ನೋಡಿದರು, ಆಮೇಲೆ ಗೋಡೆ ನೋಡಿದರು. ಮೊಣಕಾಲಿನ ಮೇಲೆ ಕೈಯೂರಿ ನಿಧಾನವಾಗಿ ಕೂತರು.

ಹಿರಿಯರೇ, ನಮ್ಮ ನಾಲಿಗೆ ತಿದ್ದುವುದು ನಮ್ಮ ಕೈ ಮೀರಿದೆ. ನೀವಿನ್ನೂ ದವಾಖಾನೆಯ ಬಾಗಿಲಲ್ಲಿ ಕೂತಿದ್ದೀರಿ, ನಿಮ್ಮ ಪಾಳಿ ಇನ್ನೂ ಬಂದಿಲ್ಲ. ಒಳಗೆ ಕರೆದಾಗ ಡಾಕ್ಟರು ಹೇಗಿದ್ದೀರಿ ಎಂದು ಕೇಳುತ್ತಾರೆ. ಅವರನ್ನು ಸಂತೈಸಬೇಡಿ. ಎಲ್ಲಿ ನೋಯುತ್ತದೆ, ಗುಳಿಗೆ ಎಷ್ಟು ಹೊತ್ತು ತಡೆಯುತ್ತದೆ, ಅದರಿಂದ ಮತ್ತೇನು ಕೆಡುತ್ತದೆ, ಇದ್ದದ್ದು ಇದ್ದಂತೆ ಹೇಳಿ. ನಾಳೆ ಕೇಳುಗ ಕಲಿಯುವುದು ನಿಮ್ಮ ಆ ಉತ್ತರದಿಂದಲೇ. ನನ್ನ ಅತ್ತೆ ಕೂತಲ್ಲಿಂದ ಏಳಲು ನನ್ನ ಕೈಗಾಗಿ ಕಾಯುತ್ತಿದ್ದಾರೆ, ಹೋಗುತ್ತೇನೆ. ನಿಮ್ಮ ಕ್ಷೇಮಕ್ಕೆ ಬರೆಯಿರಿ, ಇದ್ದರೆ ಮಾತ್ರ.

ಚಂಪಾವತಿ