ಪಕ್ಕದ ಸೀಟಿನ ಬಾಗಿಲು ಮತ್ತು ನಾನು ಬರೆದುಕೊಟ್ಟ ದೂರು

ಹಳೆಯ ವಾಹನಗಳ ಮಾನ್ಯ ಮುಖ್ಯ ನೋಂದಣಾಧಿಕಾರಿಗಳೇ,

ನಿಮ್ಮ ಕಚೇರಿಯಲ್ಲಿ ಹನ್ನೊಂದು ವರ್ಷಗಳಿಂದ ಕಸ ಗುಡಿಸಿ ನೆಲ ಒರೆಸುತ್ತಿದ್ದ ಹೆಂಗಸೊಬ್ಬರನ್ನು ನೀವು ಮೂರು ವಾರಗಳ ಹಿಂದೆ ಕೆಲಸದಿಂದ ಹೊರಗಿಟ್ಟಿದ್ದೀರಿ. ಬರುವ ಸೋಮವಾರ ಅವರ ವಿಚಾರಣೆ. ಕಟ್ಟಿದ್ದ ಹಗ್ಗ ದಾಟಿ, ‘ಮುಟ್ಟಬೇಡಿ’ ಎಂಬ ಫಲಕವನ್ನು ಲೆಕ್ಕಿಸದೆ, ನಲವತ್ತೊಂದು ವರ್ಷ ಹಳೆಯ ಸ್ಪೋರ್ಟ್ಸ್ ಕಾರೊಂದರ ಬಾಗಿಲನ್ನು ಒದ್ದೆ ಕೈಯಲ್ಲಿ ಮುಟ್ಟಿದರು ಎಂಬುದು ಅವರ ಮೇಲಿನ ಆಪಾದನೆ. ಆ ಕಾರು ನನ್ನದು. ದೂರು ಬರೆದುಕೊಟ್ಟವನೂ ನಾನೇ. ದೂರಿನಲ್ಲಿ ಸುಳ್ಳೇನೂ ಇಲ್ಲ, ಅವರು ಮುಟ್ಟಿದ್ದು ನಿಜ. ಏಕೆ ಮುಟ್ಟಿದರು ಎಂಬುದನ್ನು ಮಾತ್ರ ನಾನು ಬರೆಯಲಿಲ್ಲ, ನೀವು ಕೇಳಲಿಲ್ಲ. ದೂರನ್ನು ಹಿಂದಕ್ಕೆ ಪಡೆಯುತ್ತೇನೆಂದು ಮೂರು ಸಲ ಪತ್ರ ಬರೆದೆ. ‘ಹಿಂಪಡೆಯಲು ನಿಗದಿತ ನಮೂನೆ ಇರುವುದಿಲ್ಲ’ ಎಂದು ನಿಮ್ಮ ಕಚೇರಿ ಮೂರು ಸಲವೂ ಒಂದೇ ಉತ್ತರ ಕೊಟ್ಟಿತು. ಆದ್ದರಿಂದ ನಾಲ್ಕನೆಯ ಪತ್ರವನ್ನು ಎಲ್ಲರಿಗೂ ಕಾಣುವಂತೆ ಬರೆಯುತ್ತಿದ್ದೇನೆ.

ನಾನು ಹಲ್ಲು ಕಟ್ಟುವ ಕೆಲಸದವನು, ಈಗ ನಿವೃತ್ತ. ದಂತವೈದ್ಯರು ಕಳಿಸಿದ ಅಚ್ಚುಗಳನ್ನು ಮುಂದಿಟ್ಟುಕೊಂಡು ಊರಿನವರ ಬಾಯಿಗೆಲ್ಲ ಬದಲಿ ಹಲ್ಲು ಮಾಡಿಕೊಟ್ಟು ಜೀವನ ಮಾಡಿದವನು. ಮೂವತ್ತನೆಯ ವಯಸ್ಸಿನಲ್ಲಿ ಶೋರೂಮಿನಿಂದ ಹೊಚ್ಚ ಹೊಸದಾಗಿ ತಂದ ಎರಡು ಸೀಟಿನ ಕಾರು ಅದು. ಆಗ ಕೆಂಪಾಗಿತ್ತು. ಈಗ ಕೆಂಪೆಂದರೆ ನೀವು ನನ್ನ ಮಾತನ್ನು ನಂಬಬೇಕಾಗುತ್ತದೆ. ಅಂದಿನ ಬಣ್ಣ, ಅಂದಿನ ಸೀಟು, ಸೀಟಿನ ಬಿರುಕೂ ಅಂದಿನ ಚರ್ಮದ್ದೇ. ಟೈರು, ಬ್ಯಾಟರಿ, ಬ್ರೇಕಿನಂಥವನ್ನು ಬಿಟ್ಟರೆ ಯಾವುದನ್ನೂ ಬದಲಿಸಿಲ್ಲ. ನಮ್ಮಂಥ ಹುಚ್ಚರದು ಒಂದು ಬಗೆಯ ಮಡಿ. ಹೊಸ ಬಣ್ಣ ಬಳಿದ ಹಳೆ ಕಾರನ್ನು ಕಂಡರೆ ನಾವು ಮುಖ ಸಿಂಡರಿಸುತ್ತೇವೆ, ಬೇರೆ ಕಾರಿನ ಬೋಲ್ಟೊಂದು ಸೇರಿದರೂ ಮೈಲಿಗೆಯಾಯಿತೆಂದು ದೂರ ಸರಿಯುತ್ತೇವೆ.

ಕೊಂಡ ಒಂಬತ್ತನೆಯ ವರ್ಷ, ಪಕ್ಕದ ಸೀಟಿನ ಬಾಗಿಲಿನ ಒಳಗಿನ ಹಿಡಿಕೆ ಮುರಿಯಿತು. ಕಾರು ತಯಾರಿಸಿದ ಕಂಪನಿ ಅಷ್ಟರಲ್ಲಿ ಮುಚ್ಚಿಹೋಗಿತ್ತು. ಮೆಕ್ಯಾನಿಕ್ ಇನ್ನೊಂದು ಕಾರಿನ ಹಿಡಿಕೆ ತಂದು, “ಕೂರತ್ತೆ ಸಾರ್, ಹತ್ತು ನಿಮಿಷದ ಕೆಲಸ” ಅಂದ. ನಾನು ಅವನಿಗೆ ಬೈದು ಕಳಿಸಿದೆ. ಅಲ್ಲಿಂದ ಮೂವತ್ತೆರಡು ವರ್ಷ, ನನ್ನ ಹೆಂಡತಿ ಆ ಕಾರಿನಿಂದ ತಾನಾಗಿ ಇಳಿದಿಲ್ಲ. ಕಾರು ನಿಂತ ಮೇಲೆ ನಾನು ಇಳಿದು, ಸುತ್ತು ಹಾಕಿ ಬಂದು, ಹೊರಗಿನಿಂದ ಬಾಗಿಲು ತೆಗೆಯಬೇಕಿತ್ತು. ಆ ಬದಿಯ ಕಿಟಕಿಯೂ ಸಿಕ್ಕಿಕೊಂಡು ಗಾಜು ಇಳಿಯುವುದನ್ನು ಬಿಟ್ಟಿತ್ತು. ನೋಡಿದವರಿಗೆ ಇದು ಬೇರೆಯೇ ಕಾಣುತ್ತಿತ್ತು. “ಈ ವಯಸ್ಸಲ್ಲೂ ಹೆಂಡ್ತಿಗೆ ಬಾಗಿಲು ತೆಗೀತಾರೆ, ಅವರನ್ನ ನೋಡಿ ಕಲೀರಿ” ಎಂದು ಪಕ್ಕದ ಮನೆಯಾಕೆ ಗಂಡನನ್ನು ಚುಚ್ಚುತ್ತಿದ್ದರು. ನಾನು ಆ ಹೊಗಳಿಕೆಯನ್ನು ನಾಚಿಕೆಯಿಲ್ಲದೆ ಜೇಬಿಗೆ ಹಾಕಿಕೊಂಡೆ. ನನ್ನವಳು ಒಂದು ದಿನವೂ ಗುಟ್ಟು ಬಿಟ್ಟುಕೊಡಲಿಲ್ಲ.

ಹಳೆಯ ವಾಹನಗಳನ್ನೆಲ್ಲ ಗುಜರಿಗೆ ಕಳಿಸುವ ನಿಯಮ ಬಂದಾಗ, ಮೊದಲ ಮಾಲೀಕನ ಬಳಿಯೇ ಇದ್ದು ಮೂಲ ರೂಪದಲ್ಲೇ ಉಳಿದ ವಾಹನಗಳಿಗೆ ನೀವು ‘ಯಥಾಸ್ಥಿತಿ ಪ್ರಮಾಣಪತ್ರ’ದ ವಿನಾಯಿತಿ ಕೊಟ್ಟಿರಿ. ತಪಾಸಣೆಗೆಂದು ಕಾರು ತಂದೆ. ಕಡತ ಹಿಡಿದುಕೊಳ್ಳಲು ಹೆಂಡತಿಯೂ ಜೊತೆಗೆ ಬಂದಳು. ನಿಮ್ಮ ತಪಾಸಕರು ಮೈಯೆಲ್ಲ ಕಣ್ಣಾಗಿ ಅರವತ್ತನಾಲ್ಕು ಅಂಶ ಪರೀಕ್ಷಿಸಿದರು. ಒಳಹಿಡಿಕೆ ಇಲ್ಲದ್ದು ಅವರ ಕಣ್ಣಿಗೂ ಬಿತ್ತು. ‘ಕಾಲಸಹಜ ಸವಕಳಿ, ಯಥಾಸ್ಥಿತಿಗೆ ಭಂಗವಿಲ್ಲ’ ಎಂದು ಬರೆದುಕೊಂಡರು. ಒಳಗೆ ಕೂತವರು ಹೊರಗೆ ಬರಬಲ್ಲರೇ ಎಂಬ ಅರವತ್ತೈದನೆಯ ಪ್ರಶ್ನೆ ನಿಮ್ಮ ಪಟ್ಟಿಯಲ್ಲಿ ಇರಲಿಲ್ಲ. ನಿಮ್ಮನ್ನು ಆಡಿಕೊಳ್ಳಲು ನನಗೇನು ಹಕ್ಕು? ಮೂವತ್ತೆರಡು ವರ್ಷ ನನ್ನ ಪಟ್ಟಿಯಲ್ಲೂ ಅದು ಇರಲಿಲ್ಲವಲ್ಲ.

“ಅಮ್ಮ ಒಳಗೇ ಕೂತಿರ್ಲಿ, ಫೋಟೋ ಚೆನ್ನಾಗಿ ಬರತ್ತೆ” ಎಂದರು ನಿಮ್ಮ ಛಾಯಾಗ್ರಾಹಕರು. ಅವಳು ಕೂತಳು. ಯಾರೂ ಕೈಯಿಡದಂತೆ ಕಾವಲುಗಾರ ಕಾರಿನ ಸುತ್ತ ಹಗ್ಗ ಕಟ್ಟಿ ಫಲಕ ತೂಗುಹಾಕಿದ. ನನ್ನನ್ನು ಸಹಿಗೆಂದು ಒಳಗೆ ಕರೆದರು. ಸಹಿಯಾದ ಮೇಲೆ ಟೀ ಬಂತು, ಟೀ ಜೊತೆಗೆ ಹೊಗಳಿಕೆ ಬಂತು. ಮಧ್ಯಾಹ್ನದ ಬಿಸಿಲು, ಮುಚ್ಚಿದ ಗಾಜು, ಅಂಗಳದ ತುಂಬ ತಪಾಸಣೆಗೆ ಬಂದ ಲಾರಿಗಳ ಸದ್ದು. ಅವಳು ಕೂಗಿದ್ದು ಯಾರಿಗೂ ಕೇಳಿಸಲಿಲ್ಲ. ನನ್ನ ಸೀಟಿಗೆ ದಾಟಿ ಆ ಕಡೆಯಿಂದ ಇಳಿಯೋಣವೆಂದರೆ, ನಡುವೆ ಗೇರಿನ ದಿಬ್ಬ, ಅವಳದು ಆಪರೇಷನ್ ಆದ ಮೊಣಕಾಲು. ಹಾರ್ನ್ ಒತ್ತೋಣವೆಂದರೆ, ಕೀಲಿ ಹಾಕಿದರೆ ಮಾತ್ರ ಅದು ಕೂಗುತ್ತದೆ. ಕೀಲಿ ನನ್ನ ಜೇಬಿನಲ್ಲಿತ್ತು.

ಇಲ್ಲಿಂದ ಮುಂದಿನದನ್ನು ಬರೆಯಲು ನನಗೆ ಮೂರು ದಿನ ಹಿಡಿಯಿತು. ಟೀ ಹಿಡಿದು ನಿಮ್ಮ ಕಿಟಕಿಯ ಬಳಿ ನಿಂತಿದ್ದಾಗ ಕಾರಿನ ಕಡೆ ನೋಡಿದೆ. ಗಾಜಿನ ಹಿಂದೆ ಅವಳ ಅಂಗೈ ಮೇಲೆ ಕೆಳಗೆ ಆಡುತ್ತಿತ್ತು. ಎಷ್ಟು ಖುಷಿಯಾಗಿದ್ದಾಳೆ ಅಂದುಕೊಂಡೆ. ನಾನೂ ಕೈ ಬೀಸಿದೆ. ಬೀಸಿ, ಇನ್ನೊಂದು ಲೋಟ ಟೀ ತೆಗೆದುಕೊಂಡೆ.

ಹೊರಗೆ ಬಂದಾಗ ಕಾರಿನ ಬಾಗಿಲು ತೆರೆದಿತ್ತು. ನನ್ನ ಹೆಂಡತಿ ನೆರಳಿನಲ್ಲಿ ಮೆಟ್ಟಿಲ ಮೇಲೆ ಕೂತಿದ್ದಳು, ತಲೆಯ ಮೇಲೆ ಒದ್ದೆ ಬಟ್ಟೆ. ಪಕ್ಕದಲ್ಲಿ ಆ ಗುಡಿಸುವ ಹೆಂಗಸು ನೀರಿನ ಚೊಂಬು ಹಿಡಿದು ನಿಂತಿದ್ದರು. ನನಗೆ ಮೊದಲು ಕಂಡದ್ದು ಇದ್ಯಾವುದೂ ಅಲ್ಲ. ಹೊರಗಿನ ಹಿಡಿಕೆಯ ಮೇಲೆ ಐದು ಬೆರಳಿನ ಒದ್ದೆ ಗುರುತು ಕಂಡಿತು. “ಹ್ಯಾಂಡಲ್ ಮುಟ್ಟಿದ್ಯಾರು?” ಎಂದು ಅಂಗಳ ಕೇಳುವಂತೆ ಕೂಗಿದೆ.

“ಸಾರ್, ಅಮ್ಮಾವ್ರು ಒಳಗೆ…” ಎಂದು ಅವರು ಬಾಯಿ ತೆಗೆದರು.

“ಬೋರ್ಡ್ ಓದೋಕೆ ಬರಲ್ವಾ?” ಎಂದು ಅವರ ಬಾಯಿ ಮುಚ್ಚಿಸಿದೆ.

ನಿಮ್ಮ ಗುಮಾಸ್ತರು ಎಷ್ಟು ಚುರುಕೆಂದರೆ, ನನ್ನ ಕೋಪ ಆರುವ ಮೊದಲೇ ದೂರಿನ ನಮೂನೆ ಕೈಗಿಟ್ಟರು. ಕಾರಿನ ಬಾನೆಟ್ಟಿನ ಮೇಲೆ ಕಾಗದವಿಟ್ಟರೆ ಗೀರು ಬೀಳುತ್ತದೆಂದು, ಅದನ್ನು ಅಂಗೈ ಮೇಲಿಟ್ಟುಕೊಂಡು ತುಂಬಿದೆ. “ನಾನು ಬಸ್ಸಲ್ಲಿ ಬರ್ತೀನಿ” ಎಂದಳು ಹೆಂಡತಿ. ಕಾಯಿಸಿದ್ದಕ್ಕೆ ಮುನಿಸು ಎಂದುಕೊಂಡು ನಾನೊಬ್ಬನೇ ಮನೆಗೆ ಬಂದೆ.

ಒಂಬತ್ತು ದಿನಗಳ ನಂತರ ನಿಮ್ಮ ಲಕೋಟೆ ಬಂತು. ಪ್ರಮಾಣಪತ್ರ, ಜೊತೆಗೊಂದು ಫೋಟೋ. ನಮ್ಮ ಕಚೇರಿಯ ಪ್ರವೇಶದ್ವಾರದಲ್ಲಿ ದೊಡ್ಡದಾಗಿ ಹಾಕುತ್ತೇವೆ, ಒಪ್ಪಿಗೆ ಕಳಿಸಿ ಎಂಬ ಪತ್ರವೂ ಇತ್ತು. ಫೋಟೋದ ಕೆಳಗೆ ‘ಹರ್ಷದಿಂದ ಕೈ ಬೀಸುತ್ತಿರುವ ಮಾಲೀಕರ ಪತ್ನಿ’ ಎಂದು ಅಚ್ಚಾಗಿತ್ತು. ಒಪ್ಪಿಗೆಯ ಚೀಟಿಗೆ ಸಹಿ ಹಾಕಿ, ಅಂಚೆಗೂ ಹಾಕಿ ಬಂದು, ಆಮೇಲೆ ಅವಳಿಗೆ ತೋರಿಸಿದೆ. ಕನ್ನಡಕ ಹಾಕಿಕೊಂಡು ಬಹಳ ಹೊತ್ತು ನೋಡಿದಳು.

“ಕೈ ಬೀಸ್ತಿರ್ಲಿಲ್ಲ ರೀ. ಬಡೀತಿದ್ದೆ.”

ನನಗೆ ಅರ್ಥವಾಗಲು ಸ್ವಲ್ಪ ಹೊತ್ತಾಯಿತು. ಆಮೇಲೆ, “ಅವತ್ತೇ ಯಾಕೆ ಹೇಳ್ಲಿಲ್ಲ?” ಎಂದೆ.

“ಹೇಳೋಣ ಅಂತಿದ್ದೆ. ನೀವು ಹ್ಯಾಂಡಲ್ ಒರೆಸ್ತಾ ಇದ್ರಿ.” ಫೋಟೋವನ್ನು ಲಕೋಟೆಗೆ ವಾಪಸು ತುರುಕಿದಳು. “ನೀವು ಕಿಟಕೀಲಿ ಕಾಣಿಸಿದಾಗ, ಸದ್ಯ, ನೋಡಿದ್ರು ಅಂದ್ಕೊಂಡೆ. ನೀವೂ ಕೈ ಬೀಸಿದ್ರಿ. ಅದನ್ನ ನೋಡಿದ ಮೇಲೆ ಬಡಿಯೋದು ನಿಲ್ಲಿಸಿಬಿಟ್ಟೆ. ಊರಿಗೆಲ್ಲ ಹಲ್ಲು ಕಟ್ಟಿಕೊಟ್ರಲ್ಲ, ನಂಗೆ ಒಂದು ಹ್ಯಾಂಡಲ್ ಹಾಕಿಸಿಕೊಡೋಕೆ ಆಗ್ಲಿಲ್ವಾ?”

ಭೂಮಿ ಬಾಯಿ ಬಿಟ್ಟು ನುಂಗಬಾರದೇ ಎನಿಸಿತು. ನುಂಗಲಿಲ್ಲ. ಮರುದಿನ ಆ ಹೆಂಗಸಿನ ಮನೆ ಹುಡುಕಿಕೊಂಡು ಹೋದೆ. ಒಂದೂವರೆ ಕೋಣೆಯ ಮನೆ, ಬಾಗಿಲಿಗೆ ಚಿಲಕ ಇಲ್ಲ, ಒಂದು ಇಟ್ಟಿಗೆ ಆನಿಸಿಟ್ಟಿದ್ದರು. ನನಗಿಂತ ಮೊದಲೇ ನನ್ನ ಹೆಂಡತಿ ಎರಡು ಸಲ ಅಲ್ಲಿಗೆ ಹೋಗಿ ಬಂದಿದ್ದಳಂತೆ. ಕೆಲಸದಿಂದ ನಿಲ್ಲಿಸಿದ್ದಾರೆ ಎಂಬುದು ನನಗೆ ತಿಳಿದದ್ದೇ ಅಲ್ಲಿ. ಕ್ಷಮೆ ಕೇಳಿದೆ. ಅವರು ನನ್ನನ್ನು ಬಯ್ಯಲಿಲ್ಲ, ಬೈದಿದ್ದರೆ ಎಷ್ಟೋ ವಾಸಿಯಿತ್ತು. “ಗಾಜಿನ ಹಿಂದೆ ಒಬ್ಬರ ಮುಖ ಹಂಗಿದ್ರೆ ಹಗ್ಗ ಯಾರ್ ನೋಡ್ತಾರೆ ಸಾರ್? ನೆಲ ಒರೆಸ್ತಾ ಇದ್ದೆ, ಕೈ ಒಣಗಿಸ್ಕೊಳ್ಳೋಷ್ಟು ಹೊತ್ತಿರ್ಲಿಲ್ಲ” ಎಂದಷ್ಟೇ ಹೇಳಿ, ಕೂರಲು ಸ್ಟೂಲ್ ಕೊಟ್ಟರು.

ಮಾನ್ಯರೇ, ಆ ಅಂಗಳದಲ್ಲಿ ಅಂದು ನಿಮ್ಮ ಕಾವಲುಗಾರ, ತಪಾಸಕರು, ಛಾಯಾಗ್ರಾಹಕರು, ಕಿಟಕಿಯ ಬಳಿ ನಾನು, ಎಲ್ಲರೂ ಇದ್ದೆವು. ಎಲ್ಲರೂ ನಿಯಮವನ್ನು ಚಾಚೂ ತಪ್ಪದೆ ಪಾಲಿಸಿದೆವು. ನಿಯಮ ಮುರಿದವರು ಒಬ್ಬರೇ, ಅವರಿಗೆ ವಿಚಾರಣೆ. ನಾವು ಉಳಿದವರಿಗೆ ಪ್ರಮಾಣಪತ್ರ, ಸಂಬಳ, ಗೋಡೆಯ ಮೇಲೆ ಫೋಟೋ. ನಿಮಗೆ ಇದರಲ್ಲಿ ಏನೂ ವಿಚಿತ್ರ ಕಾಣುವುದಿಲ್ಲವೇ? ಕಾಣದಿದ್ದರೆ ನಿಮ್ಮನ್ನು ದೂರುವುದಿಲ್ಲ. ನೋಡುತ್ತಿದ್ದೂ ಕಾಣದಿರುವುದರಲ್ಲಿ ನಾನು ನಿಮಗಿಂತ ಹಿರಿಯ.

ಒಳಹಿಡಿಕೆ ಹಾಕಿಸಿಕೊಳ್ಳಲು ಅನುಮತಿ ಕೇಳಿದೆ. ಮೂಲವಲ್ಲದ ಬಿಡಿಭಾಗ ಅಳವಡಿಸಿದರೆ ಪ್ರಮಾಣಪತ್ರ ರದ್ದಾಗಿ ವಾಹನ ಗುಜರಿಗೆ ಹೋಗುವುದೆಂದು ಎಚ್ಚರಿಸಿದಿರಿ. ಎಚ್ಚರಿಕೆ ತಲುಪಿದ ದಿನವೇ ಹಾಕಿಸಿದೆ. ಸಾಮಾನು ಸಾಗಿಸುವ ವ್ಯಾನಿನದು, ಕಪ್ಪು ಪ್ಲಾಸ್ಟಿಕ್, ನೋಡಲು ಅಸಹ್ಯ. ಹತ್ತು ನಿಮಿಷವೂ ಹಿಡಿಯಲಿಲ್ಲ. ಹೆಂಡತಿಯನ್ನು ಕರೆದು ತೋರಿಸಿದೆ. ಅವಳು ಒಳಗೆ ಕೂತು ಬಾಗಿಲು ಹಾಕಿಕೊಂಡಳು, ತೆಗೆದಳು, ಮತ್ತೆ ಹಾಕಿಕೊಂಡಳು, ಮತ್ತೆ ತೆಗೆದಳು. ನಾನು ಎಂದಿನ ಅಭ್ಯಾಸದಲ್ಲಿ ಸುತ್ತು ಹಾಕಿ ಅರ್ಧ ದಾರಿ ಬಂದು ನಿಂತೆ. “ಚೆನ್ನಾಗಿದೆ” ಎಂದು ಇಳಿದಳು. ಸೋಮವಾರ ವಿಚಾರಣೆಗೆ ಇದರಲ್ಲೇ ಹೋಗೋಣವೇ ಎಂದು ಕೇಳಿದೆ. “ನಾನು ಅವರ ಜೊತೆ ಬಸ್ಸಲ್ಲಿ ಹೋಗ್ತೀನಿ, ನೀವು ನಿಮ್ಮ ಕಾರಲ್ಲಿ ಬನ್ನಿ” ಅಂದಳು. ನಮ್ಮ ಕಾರು ಎಂದೇ ಇಷ್ಟು ವರ್ಷ ಅನ್ನುತ್ತಿದ್ದವಳು.

ಪ್ರಮಾಣಪತ್ರವನ್ನು ಇದರೊಂದಿಗೆ ಹಿಂದಿರುಗಿಸಿದ್ದೇನೆ. ಕಾರನ್ನು ಎಲ್ಲಿಗೆ ಕಳಿಸುವುದೋ ಕಳಿಸಿ, ತಕರಾರಿಲ್ಲ. ಆ ಫೋಟೋ ಇಳಿಸಿ. ಮುಖ್ಯವಾಗಿ, ಆ ಹೆಂಗಸನ್ನು ಸೋಮವಾರವೇ ಕೆಲಸಕ್ಕೆ ಕರೆದುಕೊಳ್ಳಿ. ಅವರ ಕಡತದಲ್ಲಿ ನನ್ನ ದೂರಿನ ಮೇಲೆ ಅಡ್ಡಗೆರೆ ಎಳೆದು, ‘ಕಾರಿನೊಳಗೆ ಸಿಕ್ಕಿಬಿದ್ದವರನ್ನು ಹೊರಗೆ ಕರೆತಂದರು’ ಎಂದು ಬರೆಯಿರಿ. ಇದಕ್ಕೂ ನಮೂನೆ ಇಲ್ಲವೆನ್ನಬೇಡಿ, ಬಿಳಿ ಹಾಳೆ ಸಾಕು. ಅಷ್ಟಾದರೂ ವಿಚಾರಣೆ ನಡೆಸಲೇಬೇಕೆಂದಿದ್ದರೆ, ಅವರನ್ನು ನಿಲ್ಲಿಸಲು ಇಟ್ಟ ಜಾಗದಲ್ಲಿ ನನ್ನನ್ನು ನಿಲ್ಲಿಸಿ, ನನ್ನ ಹೆಂಡತಿಯ ಎದುರಿಗೇ ಕೇಳಿ. ಒಂಬತ್ತು ಗಂಟೆಗೆಲ್ಲ ಬಂದಿರುತ್ತೇನೆ.

ಇಂತಿ, ತಲೆಯೆತ್ತಲಾಗದೆ,
ನಿಮ್ಮ ಕಡತದಲ್ಲಿ ದೂರುದಾರನೆಂದು ದಾಖಲಾಗಿರುವ ತಪ್ಪಿತಸ್ಥ