ಬಲಪಕ್ಕದ ಸದ್ದು

ಕುರಿಮನೆ ಪಕ್ಕದ ಪ್ರಯೋಗಾಲಯ
ಮಾರ್ಚ್ ೧೨, ಮಧ್ಯಾಹ್ನ

ಪ್ರೀತಿಯ ಅಮ್ಮಾ,

ಮಂಡಿನೋವು ಹೇಗಿದೆ? ಅಕ್ಕನ ಮನೆಯ ಮೆಟ್ಟಿಲನ್ನು ದಿನಕ್ಕೆ ಹತ್ತು ಸಲ ಹತ್ತಿಳಿಯುತ್ತೀಯಂತೆ. ಕೂಸನ್ನು ಎತ್ತಿಕೊಳ್ಳಲು ಭಾವನಿಗೂ ಎರಡು ಕೈಗಳಿವೆ, ನಾನು ಹೇಳಿದೆನೆಂದೇ ಹೇಳು. ಫೋನಿನಲ್ಲಿ ನೀನು ಬರೀ ಬಿಸಿಲು, ನಲ್ಲಿ ನೀರು ಎನ್ನುತ್ತೀಯ. ನನ್ನ ಎರಡನೆಯ ಬಸಿರೂ ನಿಲ್ಲದೆ ಹೋದಾಗ 'ಇನ್ಮೇಲೆ ಆ ವಿಷಯ ಕೇಳ್ಬೇಡ' ಎಂದು ನಿನ್ನ ಮೇಲೆ ಹರಿಹಾಯ್ದವಳು ನಾನೇ. ನೀನು ಒಮ್ಮೆಯೂ ಕೇಳಲಿಲ್ಲ. ಈಗ ಅದೇ ನನಗೆ ಚುಚ್ಚುತ್ತದೆ.

ನನ್ನ ಕೆಲಸ ಗೊತ್ತಲ್ಲ, ಕುರಿಗಳ ಗರ್ಭಕೋಶಕ್ಕೆ ರಕ್ತ ಹರಿಯುವುದನ್ನು ಸ್ಕ್ಯಾನ್ ಯಂತ್ರದಲ್ಲಿ ಕೇಳುವುದು. ಕುರಿಯ ಗರ್ಭಕೋಶಕ್ಕೆ ಎಡಕ್ಕೊಂದು ಬಲಕ್ಕೊಂದು ಕವಲು. ಭ್ರೂಣ ಯಾವ ಕವಲಿನಲ್ಲಿ ಬಂದು ಕೂತಿದೆಯೋ ಆ ಪಕ್ಕದ ರಕ್ತನಾಳ ಸಡಿಲಗೊಂಡು ಹೆಚ್ಚು ರಕ್ತ ಹರಿಸುತ್ತದೆ. ಮಿದುಳಿನ ಅಪ್ಪಣೆಗೆ ಕಾಯುವುದಿಲ್ಲ. ಅಲ್ಲೇ ಹುಟ್ಟುವ ಹಾರ್ಮೋನು ಪಕ್ಕದ ನಾಳಕ್ಕೆ ಹೇಳಿಬಿಡುತ್ತದೆ, ಗೋಡೆ ತಟ್ಟಿ ಪಕ್ಕದ ಮನೆಯವರನ್ನು ಕರೆದ ಹಾಗೆ. ತಾಯಿ ಕುರಿಗೆ ಇದೇನೂ ತಿಳಿಯದು. ಮೆಲುಕು ಹಾಕುತ್ತಾ ಕಿಟಕಿಯ ಬಿಸಿಲು ನೋಡುತ್ತಿರುತ್ತದೆ. ಹೆಡ್‌ಫೋನಿನಲ್ಲಿ ಆ ಹರಿವು ಸುಯ್ ಸುಯ್ ಎನ್ನುವಾಗ ನನಗೂ ಕಣ್ಣು ಎಳೆಯುತ್ತದೆ. ಚಿಕ್ಕಂದಿನಲ್ಲಿ ನಿನ್ನ ಕಾಲ ಬಳಿ ಮಲಗಿ ಹೊಲಿಗೆ ಯಂತ್ರದ ಸದ್ದು ಕೇಳುತ್ತಲೇ ನಿದ್ದೆ ಹೋಗುತ್ತಿದ್ದೆನಲ್ಲ, ಅದು ನೆನಪಾಗುತ್ತದೆ.

ಕಳೆದ ವಾರ ಒಂದು ಎಡವಟ್ಟು ಮಾಡಿದೆ. ಹನ್ನೊಂದನೇ ಕುರಿಯ ಎಡಪಕ್ಕ ಮಾತ್ರ ಕೇಳಿ, ಸದ್ದು ಸಣ್ಣದಿದೆಯೆಂದು ಚೀಟಿಯಲ್ಲಿ 'ಖಾಲಿ' ಎಂದು ಬರೆದುಬಿಟ್ಟೆ. ಕುರಿ ನೋಡಿಕೊಳ್ಳುವ ಅಜ್ಜ ಹಗ್ಗ ಬಿಚ್ಚದೆ ನಿಂತರು. 'ಮೇಡಂ, ಆ ಕಡೆ ನೋಡಿದ್ರಾ?' ಎಂದರು. ಬಲಪಕ್ಕಕ್ಕೆ ಹಿಡಿದರೆ ಹರಿವು ಭೋರ್ಗರೆಯುತ್ತಿತ್ತು. ತೆಪ್ಪಗೆ ಚೀಟಿ ಹರಿದೆ. 'ಖಾಲಿ ಅಂತ ಬರೆಯೋಕೆ ನಿಮಗೆ ತುಂಬಾ ಅವಸರ' ಎಂದು ಅಜ್ಜ ನಕ್ಕರು. ನನಗೆ ನಗು ಬರಲಿಲ್ಲ. ನನ್ನ ಹೆಸರಿನ ಮುಂದೆಯೂ ನಾನು ಹಾಗೇ ಬರೆದುಕೊಂಡು ಕೂತಿದ್ದೆ, ಅಮ್ಮಾ.

ಅಕ್ಕನನ್ನು ಕೇಳಿದೆನೆಂದು ಹೇಳು, ಕೂಸಿನ ಎರಡೂ ಕೆನ್ನೆಗೆ ನನ್ನ ಮುತ್ತು. ಮೆಟ್ಟಿಲು ನಿಧಾನ.

ನಿನ್ನ
ಸಿಡುಕಿ

ತಾ.ಕ.: ನಿನ್ನೆ ನನಗೂ ಸ್ಕ್ಯಾನ್ ಆಯಿತು. ಮೂರು ತಿಂಗಳು ತುಂಬಿದೆ. ಡಾಕ್ಟರು ಎರಡೂ ಪಕ್ಕದ ನಾಳ ನೋಡಿದರು, ಎರಡೂ ಚೆನ್ನಾಗಿ ಹರಿಯುತ್ತಿವೆಯಂತೆ. ನಿನ್ನ ಅಳಿಯನನ್ನು ಬಿಟ್ಟರೆ ಯಾರಿಗೂ ಹೇಳಿಲ್ಲ. ಭಯ ಇನ್ನೂ ಹೋಗಿಲ್ಲ. ಭಾನುವಾರ ಫೋನ್ ಮಾಡಿದಾಗ ಬಿಸಿಲಿನ ಮಾತು ಬೇಡ. ಕೇಳು.